ಧಾಪುವಿನ ಜೇಠ ಕೆಮ್ಮಿದಾಗ

ಧಾಪು ಅಂದರೆ ನಮ್ಮ ಮರಳುಗಾಡಿನ ಕಡೆ ‘ಸಾಕು, ಹೊಟ್ಟೆ ತುಂಬಿತು’ ಎಂದು ಅರ್ಥ. ಸಾಲಾಗಿ ಹೆಣ್ಣೇ ಹುಟ್ಟಿದ ಮನೆಯಲ್ಲಿ ಕೊನೆಯದಕ್ಕೆ ಈ ಹೆಸರಿಡುತ್ತಾರೆ, ದೇವರಿಗೆ ಕೇಳಿಸಲಿ ಎಂದು. ದೇವರಿಗೆ ಕಿವಿ ಮಂದವೋ ಏನೋ, ಧಾಪುವಿನ ಬೆನ್ನಿಗೆ ಇನ್ನೊಂದು ಹೆಣ್ಣು ಹುಟ್ಟಿತು. ಅದನ್ನು ಅವಳೇ ಹೇಳಿಕೊಂಡು ನಗುತ್ತಿದ್ದಳು. ಕೇರಾಸರ ಊರಿನ ಸೊಸೆಯಂದಿರಲ್ಲಿ ಅವಳಷ್ಟು ನಗಿಸುವವಳು ಇನ್ನೊಬ್ಬಳಿರಲಿಲ್ಲ. ಆದರೆ ಅವಳ ಮನೆಯ ಹಿರಿಯ ಗಂಡಸರಿಗೆ ಈ ಸಂಗತಿ ಗೊತ್ತಿರಲಿಲ್ಲ. ಅವಳ ದನಿಯೇ ಅವರಿಗೆ ಗೊತ್ತಿರಲಿಲ್ಲ.

ನಾನು ಪೊಲೀಸಿನವಳು. ಗಂಡ ಸತ್ತ ಮೇಲೆ ಅವನ ಕೆಲಸ ನನಗೆ ಬಂತು. ಠಾಣೆಯಲ್ಲಿ ತಲೆಯ ಮೇಲೆ ಟೋಪಿ. ಸಂಜೆ ಅತ್ತೆಮನೆಯ ಊರಲ್ಲಿ ಬಸ್ಸಿಳಿಯುವ ಮುಂಚೆ ಟೋಪಿ ಚೀಲಕ್ಕೆ ಹೋಗುತ್ತದೆ, ಖಾಕಿಯ ಮೇಲೆ ತಲೆಗೆ ಹೊದೆಯುವ ಓಢಣಿ, ಮುಖದ ಮೇಲೆ ಮುಸುಕು. “ಸರ್ಕಾರ ಒಳಗೆ ಹೋಯ್ತು, ಸೊಸೆ ಹೊರಗೆ ಬಂದ್ಲು, ದಾರಿ ಬಿಡ್ರಪ್ಪ” ಅನ್ನುತ್ತಾನೆ ಕಂಡಕ್ಟರ್. ಅವನಿಗೆ ಚೆನ್ನಾಗಿ ಬೈಯುತ್ತೇನೆ, ಮುಸುಕಿನೊಳಗಿಂದಲೇ. ಇದನ್ನು ಯಾಕೆ ಹೇಳಿದೆನೆಂದರೆ, ಧಾಪು ಮಾಡಿದ್ದು ಎಷ್ಟು ದೊಡ್ಡದು ಎಂಬುದು ಮುಸುಕು ಹಾಕದವರಿಗೆ ಅರ್ಥವಾಗುವುದು ಕಷ್ಟ.

ಗಂಡನ ತಂದೆ, ಗಂಡನ ಅಣ್ಣ ಅಂದರೆ ಜೇಠ, ಇವರೆದುರು ಸೊಸೆ ಮುಖ ತೋರಿಸುವಂತಿಲ್ಲ, ದನಿ ಕೇಳಿಸುವಂತಿಲ್ಲ. ಅವರ ಹೆಸರು ಹೇಳುವುದಂತೂ ದೂರದ ಮಾತು. ಏನಾದರೂ ತಿಳಿಸಲೇಬೇಕೆಂದರೆ ಮಗುವಿನ ಮೂಲಕ ಹೇಳಿಸಬೇಕು, ಮಗು ಇಲ್ಲದಿದ್ದರೆ ಹಲ್ಲಿ ಲೊಚಗುಟ್ಟಿದ ಹಾಗೆ ನಾಲಿಗೆಯಿಂದ ಟಿಚ್ ಟಿಚ್ ಅನ್ನಬೇಕು. ಅದಕ್ಕೆ ಪ್ರತಿಯಾಗಿ ಗಂಡಸರದ್ದೂ ಒಂದು ಕರ್ತವ್ಯ ಇದೆ. ಅಂಗಳಕ್ಕೆ ಕಾಲಿಡುವ ಮುಂಚೆ ಕೆಮ್ಮಬೇಕು. ಕೆಮ್ಮು ಕೇಳಿದೊಡನೆ ಕೈ ತಾನಾಗಿ ಮುಸುಕನ್ನು ಎದೆಯ ತನಕ ಎಳೆಯುತ್ತದೆ, ಮೈ ತಾನಾಗಿ ಬೆನ್ನು ತಿರುಗಿಸುತ್ತದೆ. ಇದು ಎರಡೂ ಕಡೆಯ ಮರ್ಯಾದೆ ಎಂದು ನನ್ನತ್ತೆ ಹೇಳುತ್ತಿದ್ದಳು. ನಾನೂ ನಂಬಿದ್ದೆ.

ಧಾಪುವಿನ ಜೇಠ ಪೂಸಾರಾಮ್. ಧಾಪುವಿನ ಗಂಡ ಘೇವರ್ ಅವನ ತಮ್ಮ, ಅಣ್ಣ ಗೆರೆ ಹಾಕಿದರೆ ದಾಟದ ಮನುಷ್ಯ. ಇಬ್ಬರ ಮನೆಗೂ ಒಂದೇ ಅಂಗಳ, ಅಂಗಳದ ನಡುವೆ ಮಳೆನೀರಿನ ಟಾಂಕಾ. ನೆಲದೊಳಗೆ ಬಾವಿಯಷ್ಟು ಆಳ, ಮೇಲೆ ಒಬ್ಬರು ಬಗ್ಗಿ ಕೊಡ ಎಳೆಯುವಷ್ಟು ಕಿರಿದಾದ ಬಾಯಿ, ಅದಕ್ಕೊಂದು ಕಬ್ಬಿಣದ ಮುಚ್ಚಳ.

ಪೂಸಾರಾಮನ ಮಗ ಮಾಂಗೀಲಾಲನಿಗೆ ಗವರಿ ಎಂಬ ಹುಡುಗಿಯನ್ನು ತಂದರು. ಗವರಿಗೆ ಧಾಪು ‘ಕಾಕಿ’, ಚಿಕ್ಕತ್ತೆ. ಅತ್ತೆ ಸತ್ತು ಹೋಗಿದ್ದರಿಂದ ಸೊಸೆಗೆ ಮನೆಯ ರೀತಿನೀತಿ ಕಲಿಸುವ ಕೆಲಸ ಕಾಕಿಯ ಪಾಲಿಗೆ ಬಂತು. ಇಬ್ಬರೂ ಬೆರಣಿ ತಟ್ಟುತ್ತಾ ಊರಿನ ಗಂಡಸರನ್ನೆಲ್ಲ ನಡಿಗೆಯಲ್ಲೇ ಅಣಕಿಸಿ ತೋರಿಸುತ್ತಿದ್ದರಂತೆ. ಪೂಸಾರಾಮನ ಕೆಮ್ಮನ್ನು ಗವರಿ ಎಷ್ಟು ಚೆನ್ನಾಗಿ ತೆಗೆಯುತ್ತಿದ್ದಳೆಂದರೆ ಒಂದು ಸಲ ಧಾಪು ನಿಜಕ್ಕೂ ಮುಸುಕೆಳೆದುಕೊಂಡು ಗೋಡೆಗೆ ತಿರುಗಿ ಕೂತಳಂತೆ. “ಕಾಕಿ, ನಿನ್ನ ಜೇಠ್‌ಜೀ ಅಲ್ಲ, ನಾನು” ಎಂದು ಹುಡುಗಿ ಬಿದ್ದು ಬಿದ್ದು ನಕ್ಕಿದ್ದಳು.

ಮಾಂಗೀಲಾಲ್ ಹೊಡೆಯುತ್ತಿದ್ದ. ತವರಿಂದ ಮೋಟಾರ್ ಸೈಕಲ್ ಬಂದಿಲ್ಲ ಎಂದು ಶುರುವಾದ ಹೊಡೆತಕ್ಕೆ ಆಮೇಲೆ ಕಾರಣವೇ ಬೇಕಾಗಲಿಲ್ಲ. ಒಂದು ದಿನ ಗವರಿ ಬಸ್ಸು ಹತ್ತಿ ಒಬ್ಬಳೇ ನಮ್ಮ ಠಾಣೆಗೆ ಬಂದಳು. ನಾನು ಆ ವಾರ ಜಾತ್ರೆ ಬಂದೋಬಸ್ತಿಗೆ ಹೋಗಿದ್ದೆ. ಇದ್ದಿದ್ದರೂ ನನ್ನ ಮಾತು ಅಲ್ಲಿ ನಡೆಯುತ್ತಿರಲಿಲ್ಲ. ಥಾಣೇದಾರ ಅವಳ ಮಾವನನ್ನು ಕರೆಸಿ, ಚಹಾ ಕುಡಿಸಿ, ಹುಡುಗಿಗೆ ಬುದ್ಧಿ ಹೇಳಿದ. “ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ, ಹೋಗಮ್ಮ.” ಅವಳು ಯಾರಿಗೆ ಹೆದರಿ ಬಂದಿದ್ದಳೋ ಅವರ ಜೀಪಿನಲ್ಲೇ ಅವಳನ್ನು ಕೂರಿಸಿ ಕಳಿಸಿದರು. ಬೇಲಿಯೇ ಎದ್ದು ಹೊಲ ಮೇಯಿತು ಅನ್ನುತ್ತಾರಲ್ಲ, ನಮ್ಮ ಬೇಲಿ ಅಷ್ಟೂ ಕಷ್ಟಪಡಲಿಲ್ಲ, ಸುಮ್ಮನೆ ದಾರಿ ಬಿಟ್ಟಿತು.

ಗವರಿ ಜಗ್ಗಲಿಲ್ಲ. ತೀಜ್ ಹಬ್ಬಕ್ಕೆ ತವರಿಗೆ ಹೋದರೆ ಮರಳಿ ಬರುವುದಿಲ್ಲ, ಈ ಸಲ ಕೋರ್ಟಿಗೇ ಹೋಗುತ್ತೇನೆ ಎಂದು ಗಂಡನಿಗೆ ಹೇಳಿದಳು. ಮನೆತನದ ಮೂಗು ಕುಯ್ಯುವ ಸೊಸೆ ಎಂದು ಪೂಸಾರಾಮ್ ಹಟ್ಟಿಯಲ್ಲಿ ನಾಲ್ಕು ಜನರೆದುರು ಅಂದ. ಹಬ್ಬಕ್ಕೆ ಮುಂಚೆಯೇ ಗವರಿ ಟಾಂಕಾದಲ್ಲಿ ಹೆಣವಾಗಿ ಸಿಕ್ಕಳು. ನೀರೆಳೆಯುವಾಗ ಜಾರಿ ಬಿದ್ದಳು ಎಂದು ಊರಿಗೆ ಊರೇ ಒಂದೇ ಬಾಯಲ್ಲಿ ಹೇಳಿತು. ಹುಡುಗಿಯ ಅಪ್ಪ ಹೆಣ ಸುಡಲು ಬಿಡದೆ ಹಟ ಹಿಡಿದು ಆಸ್ಪತ್ರೆಗೆ ತರಿಸಿದ. ನೀರು ಕುಡಿದು ಸತ್ತಿದ್ದಾಳೆ ಎಂದರು ಡಾಕ್ಟರು. ಅದು ಎಲ್ಲರಿಗೂ ಗೊತ್ತಿದ್ದದ್ದೇ. ನೂಕಿದ ಕೈ ಯಾವ ಡಾಕ್ಟರಿಗೆ ಕಾಣುತ್ತದೆ?

ಹೆಂಗಸರನ್ನು ಕೇಳಿ ಬರಲು ನನ್ನನ್ನು ಕಳಿಸಿದರು. ಹನ್ನೊಂದು ಮುಸುಕುಗಳು ಅಂಗಳದಲ್ಲಿ ಕೂತು ಅಳುತ್ತಿದ್ದವು. ಕೇಳಿದ್ದಕ್ಕೆಲ್ಲ “ಜಾರಿದ್ಲು” ಎಂಬ ಉತ್ತರ. ಹೊರಡುವಾಗ ಒಬ್ಬಳು ನನಗೆ ಲೋಟದಲ್ಲಿ ನೀರು ಕೊಡಲು ಬಂದಳು. ಲೋಟ ಹಿಡಿದ ನನ್ನ ಮಣಿಕಟ್ಟನ್ನು ಅವಳ ಕೈ ಗಟ್ಟಿಯಾಗಿ ಹಿಡಿಯಿತು.

“ಜಾರಿದವಳ ಮೇಲೆ ಮುಚ್ಚಳ ಯಾರು ಹಾಕಿದ್ರು ಅಂತ ಕೇಳು, ಜೀಜಿ.”

ಜೀಜಿ ಅಂದರೆ ಅಕ್ಕ. ಅದೇ ಧಾಪು. ಅವಳು ಕಂಡದ್ದು ಇಷ್ಟು: ಅವಳು ದನದ ಕೊಟ್ಟಿಗೆಯ ಪಕ್ಕ ಕೂತು ಬೆರಣಿ ತಟ್ಟುತ್ತಿದ್ದಳು, ಗವರಿ ಟಾಂಕಾದಿಂದ ನೀರೆಳೆಯುತ್ತಿದ್ದಳು. ಜೇಠನ ಕೆಮ್ಮು ಕೇಳಿಸಿತು. ಮುಸುಕೆಳೆದುಕೊಂಡಳು. ಮುಸುಕಿನಂಚಿನ ಕೆಳಗೆ ಹಿಮ್ಮಡಿ ಮಡಚಿದ ಹಳೆಯ ಚರ್ಮದ ಮೋಜಡಿ ಮೆಟ್ಟಿದ ಕಾಲುಗಳು ಟಾಂಕಾದ ಕಡೆ ಹೋದದ್ದು ಕಂಡಳು. ಆಮೇಲೆ ಕೊಡ ಒಡೆದ ಸದ್ದು, ಆಮೇಲೆ ಮುಚ್ಚಳ ಬಿದ್ದ ಸದ್ದು. ಮುಖ ನೋಡಿಲ್ಲ.

ಮ್ಯಾಜಿಸ್ಟ್ರೇಟರ ಮುಂದೆಯೂ ಇದನ್ನೇ ಹೇಳಿದಳು. ಅಲ್ಲಿ ಮನೆಯ ಹಿರಿಯರು ಯಾರೂ ಇರಲಿಲ್ಲವಾದ್ದರಿಂದ ಸರಾಗವಾಗಿ ಹೇಳಿದಳು. ಪೂಸಾರಾಮ್ ಜೈಲಿಗೆ ಹೋದ, ಜಾಮೀನಿನ ಮೇಲೆ ಬಂದ, ಮತ್ತೆ ಅದೇ ಅಂಗಳದಲ್ಲಿ ಕೆಮ್ಮಿಕೊಂಡು ಓಡಾಡಿದ. ವಾಯಿದೆ ಮೇಲೆ ವಾಯಿದೆ ಬಿತ್ತು. ಒಂದು ಸಲ ವಕೀಲರ ಮುಷ್ಕರ, ಇನ್ನೊಂದು ಸಲ ನ್ಯಾಯಾಧೀಶರ ವರ್ಗಾವಣೆ. ಅಷ್ಟರಲ್ಲಿ ಊರಿನ ಪಂಚರು ಘೇವರನನ್ನು ಕರೆಸಿ ಹೇಳಿದರು: ನಿನ್ನ ಹೆಂಡತಿ ಕೋರ್ಟಿನಲ್ಲಿ ಬಾಯಿ ಬಿಟ್ಟರೆ ನಿನಗೆ ಈ ಊರಲ್ಲಿ ಹುಕ್ಕಾ ಇಲ್ಲ, ನೀರಿಲ್ಲ, ಬಹಿಷ್ಕಾರವೇ. ಘೇವರ್ ಮನೆಗೆ ಬಂದು ಗೋಡೆ ನೋಡುತ್ತಾ ಕೂತನಂತೆ. ಹೆಂಡತಿಗೆ ಹೋಗು ಅನ್ನಲಿಲ್ಲ, ಬೇಡ ಅನ್ನಲಿಲ್ಲ.

ಕೊನೆಗೂ ಸಾಕ್ಷಿಯ ದಿನ ಬಂತು. ಪುಷ್ಯ ಮಾಸದ ಚಳಿ. ಅವಳನ್ನು ಕರೆತರುವ ಕೆಲಸ ನನ್ನದು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಾತಾಡಿದಳು. ಕಿಟಕಿಯಾಚೆಯ ಒಂಟೆಯನ್ನು ತೋರಿಸಿ “ನೋಡು, ನಿಮ್ಮ ಥಾಣೇದಾರನ ಹಾಗೇ ಮೆಲುಕು ಹಾಕ್ತದೆ” ಅಂದಳು. ಇವಳು ಕೋರ್ಟನ್ನೇ ಅಲ್ಲಾಡಿಸಿಬಿಡುತ್ತಾಳೆ ಎಂದುಕೊಂಡೆ.

ಕೋರ್ಟಿನೊಳಗೆ ಹೆಜ್ಜೆ ಇಟ್ಟ ಕೂಡಲೇ ಅವಳ ಮಾತು ನಿಂತಿತು. ಮುಂದಿನ ಬೆಂಚಿನಲ್ಲಿ ಸಾಲಾಗಿ ತಲೆಗೆ ಬಣ್ಣದ ಸಾಫಾ ಸುತ್ತಿದ ಪಂಚರು ಕೂತಿದ್ದರು. ಅವರಿಗೆ ಅಲ್ಲೇನು ಕೆಲಸ? ಅವಳ ಕಣ್ಣಿಗೆ ಬೀಳುವುದೊಂದೇ ಕೆಲಸ. ಅವರ ಹಿಂದೆ ಕಟಕಟೆಯಲ್ಲಿ ಜೇಠ. ಧಾಪು ಮುಸುಕನ್ನು ಎದೆಯ ತನಕ ಎಳೆದುಕೊಂಡು ಸಾಕ್ಷಿಯ ಕಟಕಟೆಗೆ ಹತ್ತಿದಳು.

ನ್ಯಾಯಾಧೀಶರು ಪೂರ್ವದ ಜಿಲ್ಲೆಯವರು, ಕುತ್ತಿಗೆಗೆ ಮಫ್ಲರ್ ಸುತ್ತಿದ ಸಣಕಲು ಮನುಷ್ಯ. “ಹೆಸರೇನಮ್ಮ?” ಎಂದರು.

ಟಿಚ್, ಅಂದಳು ಧಾಪು.

“ಏನಂದ್ರಿ?”

ಟಿಚ್ ಟಿಚ್.

ಸರ್ಕಾರಿ ವಕೀಲರು ಬೆವರಿದರು. ಎದುರು ಪಕ್ಷದ ವಕೀಲ ದೊಡ್ಡ ಹೊಟ್ಟೆಯ, ಒಳ್ಳೆಯ ದನಿಯ ಆಸಾಮಿ. ಅವನು ಎದ್ದು ನಿಂತ. “ಸ್ವಾಮಿ, ಹಲ್ಲಿ ಲೊಚಗುಟ್ಟಿದ್ರೆ ಶಕುನ ಹೇಳ್ಬಹುದು, ಸಾಕ್ಷಿ ಹೇಳೋಕಾಗುತ್ತಾ? ಇವರು ಮುಖ ನೋಡಿಲ್ಲ. ಕೆಮ್ಮು ಕೇಳಿದ್ರಂತೆ. ಈ ಚಳೀಲಿ ಯಾರು ಸ್ವಾಮಿ ಕೆಮ್ಮಲ್ಲ? ನಾನೂ ಬೆಳಿಗ್ಗೆಯಿಂದ ಕೆಮ್ತಿದೀನಿ, ನನ್ನನ್ನೂ ಒಳಗೆ ಹಾಕ್ಬಿಡಿ.” ಎಲ್ಲರೂ ನಕ್ಕರು. ಪಂಚರೂ ಮೀಸೆಯೊಳಗೆ ನಕ್ಕರು.

ನ್ಯಾಯಾಧೀಶರು ಮತ್ತೆ ಮತ್ತೆ ಕೇಳಿದರು. ಮುಸುಕು ಅಲುಗಿತು, ನಾಲಿಗೆ ಟಿಚ್ ಅಂದಿತು, ಅಷ್ಟೇ. ಅವರು ಪೆನ್ನು ಕೆಳಗಿಟ್ಟರು. “ಊಟ ಆದ್ಮೇಲೆ ಒಂದು ಸಲ ಕೇಳ್ತೀನಿ. ಆಗಲೂ ಮಾತಾಡ್ಲಿಲ್ಲ ಅಂದ್ರೆ ಈ ಸಾಕ್ಷಿ ಮುಗೀತು.” ಈ ಸಾಕ್ಷಿ ಮುಗಿದರೆ ಗವರಿ ಜಾರಿ ಬಿದ್ದವಳಾಗಿ ಉಳಿಯುತ್ತಾಳೆ, ಎಂದೆಂದಿಗೂ.

ಕೋರ್ಟಿನ ಅಂಗಳದ ಬೇವಿನ ಮರದ ಕೆಳಗೆ ಅವಳು ಬುತ್ತಿ ಬಿಚ್ಚಿದಳು. ಸಜ್ಜೆ ರೊಟ್ಟಿ, ಬೆಳ್ಳುಳ್ಳಿ ಚಟ್ನಿ. ನನಗೆ ಸಿಟ್ಟು ನೆತ್ತಿಗೇರಿತ್ತು.

“ಬಸ್ಸಲ್ಲಿ ಅಷ್ಟು ಹರಿದಾಡ್ತಿತ್ತಲ್ಲ ನಾಲಿಗೆ, ಈಗ ಎಲ್ಲಿ ಅಡವಿಟ್ಟೆ?”

ಧಾಪು ರೊಟ್ಟಿ ಮುರಿಯುತ್ತಾ ಕೂತಳು, ಬಾಯಿಗಿಡಲಿಲ್ಲ. “ನಿಂಗೊಂದು ಮಾತು ಹೇಳಿಲ್ಲ, ಜೀಜಿ. ಅವತ್ತು ಮುಚ್ಚಳ ಬಿದ್ದ ಸದ್ದು ಕೇಳಿ ನಾನು ಓಡಿ ಹೋದೆ. ಜೇಠ್‌ಜೀ ಕಾಲು ಮುಚ್ಚಳದ ಮೇಲಿತ್ತು. ಕೂಗ್ಬೇಕು ಅಂತ ಬಾಯಿ ತೆಗೆದೆ. ಏನು ಬಂತು ಗೊತ್ತಾ? ಟಿಚ್ ಟಿಚ್. ಒಳಗೆ ಹುಡುಗಿ ಕೈ ಬಡೀತಿದ್ಲು, ಕಬ್ಬಿಣ ಡಬಡಬ ಅಂತಿತ್ತು. ನಾನು ಮುಸುಕು ಹಾಕ್ಕೊಂಡು ಎದುರಿಗೆ ನಿಂತು ಟಿಚ್ ಟಿಚ್ ಅಂತಿದೀನಿ. ‘ಒಳಗೆ ಹೋಗು’ ಅಂದ್ರು. ನಾನು ಬೀದಿ ಕಡೆ ಓಡಿದೆ. ಹೆಂಗಸ್ರನ್ನ ಕಂಡ್ಮೇಲೇ ದನಿ ಬಂದದ್ದು. ಅಷ್ಟರಲ್ಲಿ…” ಅವಳು ರೊಟ್ಟಿಯ ಚೂರನ್ನು ಕಾಗೆಗೆ ಎಸೆದಳು. “ಇವತ್ತೂ ಅದೇ ಬರ್ತಿದೆ. ಯಾರೋ ನಾಲಿಗೆ ಹಿಡ್ಕೊಂಡಂಗೆ.”

ಬಸ್ ಸ್ಟಾಪಿನಲ್ಲಿ ಟೋಪಿ ಬಚ್ಚಿಡುವವಳು ನಾನು. ಅವಳ ಕೈಗೆ ನೀರಿನ ಬಾಟಲಿ ಕೊಟ್ಟೆ.

ಮಧ್ಯಾಹ್ನ ಕೋರ್ಟು ಕೂತಾಗ ಪಂಚರೂ ಪೂಸಾರಾಮನೂ ಇನ್ನೂ ಚಹಾದಂಗಡಿಯಿಂದ ಬಂದಿರಲಿಲ್ಲ. ಮನೆಯ ಹಿರಿಯರು ಯಾರೂ ಇಲ್ಲವೆಂದು ಧಾಪು ಮುಸುಕನ್ನು ಹಣೆಯ ಮೇಲಕ್ಕೆ ಸರಿಸಿಕೊಂಡು ನಿಂತಳು. ಬಾಗಿಲು ಅವಳ ಬೆನ್ನ ಹಿಂದಿತ್ತು. ನ್ಯಾಯಾಧೀಶರು ಮೊದಲ ಸಲ ಅವಳ ಮುಖ ನೋಡಿದರು. ಮೂಗಿನಲ್ಲಿ ದೊಡ್ಡ ನತ್ತು, ಕಣ್ಣಿನ ಕೆಳಗೆ ಕಪ್ಪು.

ಚಳಿಗೆ ಜವಾನ ಕೆಮ್ಮಿದ. ದೊಡ್ಡ ಹೊಟ್ಟೆಯ ವಕೀಲನಿಗೆ ಬೆಳಗಿನ ತಮಾಷೆ ಇನ್ನೂ ಬಾಯಲ್ಲಿತ್ತು. ಅವನು ಅವಳ ಹತ್ತಿರ ಬಂದು ಬೇಕೆಂದೇ ಗಂಟಲು ಕೆರೆದು ಖೊಕ್ ಖೊಕ್ ಎಂದು ಕೆಮ್ಮಿದ. “ಏನಮ್ಮ, ನನಗೂ ಮುಸುಕು ಹಾಕಲ್ವಾ?”

ಧಾಪು ಅವನ ಮುಖವನ್ನೇ ನೋಡಿದಳು. ಕಣ್ಣು ಮಿಟುಕಿಸಲಿಲ್ಲ.

ಆಗ ಹೊರಗಿನ ಪಡಸಾಲೆಯಿಂದ ಒಂದು ಕೆಮ್ಮು ಬಂತು. ಗಂಟಲು ಕೆರೆದು, ಕೊನೆಯಲ್ಲಿ ಒಂದು ಉದ್ದದ ‘ಹ್ಞೂಂ’. ದೊಡ್ಡ ಸದ್ದೇನಲ್ಲ. ಸದ್ದು ಮುಗಿಯುವ ಮುಂಚೆ ಧಾಪುವಿನ ಕೈ ಹಣೆಗೆ ಹೋಗಿತ್ತು. ಮುಸುಕು ಎದೆಯ ತನಕ ಇಳಿಯಿತು, ಮೈ ಗೋಡೆಯ ಕಡೆ ತಿರುಗಿತು. ಅದಾದ ಮೇಲೆ ಪೂಸಾರಾಮ್ ಬಾಗಿಲಲ್ಲಿ ಕಾಣಿಸಿಕೊಂಡ, ಹಿಂದೆ ಪಂಚರು. ಒಳಗೆ ತಮ್ಮನ ಹೆಂಡತಿ ಇದ್ದಾಳೆಂದು ಗೊತ್ತು, ಹೊಸ್ತಿಲು ದಾಟುವ ಮುಂಚೆ ಕೆಮ್ಮಿದ್ದಾನೆ. ಹುಟ್ಟಿದಾಗಿನಿಂದ ಬಂದ ಮರ್ಯಾದೆ. ಕೊಲೆಗೆ ಹೊರಟಾಗಲೂ ಕೈಬಿಡದ ಮರ್ಯಾದೆ.

ನ್ಯಾಯಾಧೀಶರ ಪೆನ್ನು ಗಾಳಿಯಲ್ಲೇ ನಿಂತಿತ್ತು. ಅವರು ಬಾಗಿಲನ್ನು ನೋಡಿದರು, ಮುಸುಕನ್ನು ನೋಡಿದರು, ಮತ್ತೆ ಬಾಗಿಲನ್ನು ನೋಡಿದರು. ವಕೀಲನ ಮುಖದ ನಗು ಇಳಿದದ್ದು ನನಗೆ ಕಂಡಿತು.

“ತಿರುಗಿ ನೋಡ್ಬೇಡಿ,” ಎಂದರು ನ್ಯಾಯಾಧೀಶರು ಧಾಪುವಿಗೆ. “ಈಗ ಬಂದವರು ಯಾರು?”

“ಸ್ವಾಮಿ, ನನ್ನ ಆಕ್ಷೇಪಣೆ…”

“ಬರ್ಕೋತೀನಿ, ಕೂತ್ಕೊಳ್ಳಿ. ಯಾರಮ್ಮ ಬಂದದ್ದು?”

ಟಿಚ್.

“ನೀವು ಬಾಯಲ್ಲಿ ಹೇಳ್ಬೇಕು. ಇದು ನಾನು ಬರೆಯೋಕಾಗೋ ಮಾತಲ್ಲ.”

ಟೈಪ್ ಮಾಡುವವನ ಬೆರಳುಗಳು ಮೇಲೆ ನಿಂತವು. ಮುಂದಿನ ಬೆಂಚಿಗೆ ಬಂದು ಕೂತ ಪಂಚರಲ್ಲಿ ಹಿರಿಯವನು ತಗ್ಗಿದ ದನಿಯಲ್ಲಿ, ಮಗುವಿಗೆ ಹೇಳಿದ ಹಾಗೆ ಹೇಳಿದ: “ಬೀಂದಣಿ, ಮನೆತನ ನೋಡ್ಕೋ.” ಬೀಂದಣಿ ಅಂದರೆ ಸೊಸೆ. ಕೇರಾಸರದ ಗಂಡಸರು ಅವಳನ್ನು ಬೇರೆ ಹೆಸರಿನಿಂದ ಕರೆದೇ ಇರಲಿಲ್ಲ. ನ್ಯಾಯಾಧೀಶರು ಮೇಜು ಕುಟ್ಟಿದರು. ನಾನು ಕಟಕಟೆಯ ಪಕ್ಕದಲ್ಲಿದ್ದೆ, ಮುಸುಕಿನೊಳಗೆ ಅವಳ ಉಸಿರು ಏರಿಳಿಯುವುದು ಕೇಳಿಸುತ್ತಿತ್ತು. ಅವಳು ಕಟಕಟೆಯ ಕಂಬಿಯನ್ನು ಬಡಿಯತೊಡಗಿದಳು. ಮೆಲ್ಲಗೆ, ಅಂಗೈಯಿಂದ, ಡಬ ಡಬ ಡಬ. ಯಾಕೆ ಬಡಿಯುತ್ತಿದ್ದಾಳೆ ಎಂದು ಆ ಕೋಣೆಯಲ್ಲಿ ನನಗೊಬ್ಬಳಿಗೆ ಗೊತ್ತಿತ್ತು. ಇಲ್ಲ, ಇನ್ನೊಬ್ಬನಿಗೂ ಗೊತ್ತಿತ್ತು. ಪೂಸಾರಾಮ್ ತಲೆ ತಗ್ಗಿಸಿದ.

“ಪೂಸಾರಾಮ್,” ಅಂದಳು ಧಾಪು.

ಗೌರವದ ಜೀ ಇಲ್ಲ, ಸಾ ಇಲ್ಲ, ಬರೀ ಹೆಸರು. ದನಿ ಒಡೆದು ಬಂತು. ಪಂಚರು ಕಿವಿ ಮುಚ್ಚಿಕೊಳ್ಳುವವರ ಹಾಗೆ ಸಾಫಾದ ಅಂಚು ಹಿಡಿದುಕೊಂಡರು. ನನ್ನ ತೋಳಿನ ಮೇಲೆ ಕೂದಲೆಲ್ಲ ಎದ್ದು ನಿಂತವು. ನಾನು ಆ ಕೋರ್ಟಿನಲ್ಲಿ ಎಷ್ಟೋ ದೊಡ್ಡ ಜನರನ್ನು ಕಂಡಿದ್ದೇನೆ, ಯಾರ ಮುಂದೆಯೂ ನನಗೆ ಹಾಗಾಗಿಲ್ಲ. ಆ ಒಂದು ಹೆಸರು ಹೇಳಲು ಅವಳು ಯಾವ ಆಳದಿಂದ ಮೇಲೆ ಬಂದಳೋ ಅದನ್ನು ನೆನೆದರೆ ಈಗಲೂ ಕೈ ಮುಗಿಯಬೇಕೆನಿಸುತ್ತದೆ.

ಆಮೇಲೆ ಅವಳು ತಿರುಗಿದಳು. ಮುಸುಕು ಹಾಗೇ ಇತ್ತು. ಗೋಡೆಯಿಂದ ತಿರುಗಿ ಜೇಠನಿಗೆ ಎದುರಾಗಿ ನಿಂತಳು, ನಿಂತು ಹೇಳಿದಳು. ಕೆಮ್ಮು, ಮೋಜಡಿ, ಕೊಡ, ಮುಚ್ಚಳ, ತನ್ನ ಟಿಚ್ ಟಿಚ್ ಕೂಡ ಬಿಡದೆ ಹೇಳಿದಳು. ಮುಗಿಯಿತು ಎಂದುಕೊಂಡು ಸರ್ಕಾರಿ ವಕೀಲರು ಕೂತರು. ಅವಳು ಮುಗಿಸಿರಲಿಲ್ಲ.

“ಗವರಿ ಗಟ್ಟಿ ಹುಡುಗಿ, ಸ್ವಾಮಿ. ತವರಲ್ಲಿ ಹೋರಿ ಹಿಡಿದವಳು. ಎದುರಿಗೆ ಬಂದಿದ್ರೆ ಈ ಮುದುಕನಿಗೆ ಸಿಗ್ತಿರಲಿಲ್ಲ. ಆದ್ರೆ ಇವರು ಕೆಮ್ಮಿದ್ರು. ಅವಳು ಹಗ್ಗ ಬಿಟ್ಟು ಮುಸುಕೆಳ್ಕೊಂಡು ಬೆನ್ನು ತಿರುಗಿಸಿ ನಿಂತ್ಲು. ಅವಳ ಹಿಮ್ಮಡಿ ಇವರ ಕಡೆ ಆಗಿದ್ದು ನನ್ನ ಮುಸುಕಿನ ಕೆಳಗೆ ಕಾಣ್ತು. ಮುಂದೆ ಟಾಂಕಾ ಬಾಯಿ, ಕಣ್ಣ ಮೇಲೆ ಬಟ್ಟೆ. ಬರೋ ಕೈ ಅವಳಿಗೆ ಕಾಣಲೇ ಇಲ್ಲ. ಕೆಮ್ಮು ಕೇಳಿದ್ರೆ ಹಂಗೆ ನಿಲ್ಬೇಕು ಅಂತ ಅವಳಿಗೆ ಕಲಿಸಿದ್ದು ನಾನೇ, ಸ್ವಾಮಿ. ಬಂದ ಮೊದಲ ವಾರ.”

ಬಹಳ ಹೊತ್ತು ಯಾರೂ ಕೆಮ್ಮಲಿಲ್ಲ.

ದೊಡ್ಡ ಹೊಟ್ಟೆಯ ವಕೀಲ ಅವಳನ್ನು ಸಂಜೆಯ ತನಕ ಕೆದಕಿದ. ಜಮೀನಿನ ಜಗಳ ಎಂದ, ತಲೆ ಸರಿಯಿಲ್ಲ ಎಂದ. ಅವಳು ಎಲ್ಲದಕ್ಕೂ ಬಾಯಿಬಿಟ್ಟು ಉತ್ತರ ಕೊಟ್ಟಳು. ಒಮ್ಮೆಯಂತೂ “ಬೆಳಿಗ್ಗೆ ಹಲ್ಲಿ ಅಂದ್ರಲ್ಲ, ಈಗ ಹಲ್ಲಿಗೆ ಉತ್ತರ ಕೊಡಿ” ಎಂದು ಕೇಳಿ ನ್ಯಾಯಾಧೀಶರಿಂದಲೇ ಬೈಸಿಕೊಂಡಳು. ಪೂಸಾರಾಮನಿಗೆ ಜೀವಾವಧಿ ಆಯಿತು. ಆ ಮಧ್ಯಾಹ್ನ ತಾವು ಕಣ್ಣಾರೆ ಕಂಡದ್ದನ್ನು ನ್ಯಾಯಾಧೀಶರು ತೀರ್ಪಿನಲ್ಲಿ ಬರೆದಿದ್ದಾರೆ. ಅಪೀಲು ಹೈಕೋರ್ಟಿನಲ್ಲಿದೆ, ಅಲ್ಲಿ ಏನಾಗುತ್ತದೋ ನಾನು ಹೇಳಲಾರೆ. ಗವರಿಗೆ ಚಹಾ ಕೊಡದೆ ಮಾವನಿಗೆ ಕೊಟ್ಟ ಥಾಣೇದಾರನಿಗೆ ಬಡ್ತಿ ಸಿಕ್ಕಿದೆ. ಇದೂ ನಮ್ಮ ಕಾನೂನೇ.

ಊರು ಮಾತಿನಂತೆ ನಡೆದುಕೊಂಡಿತು. ಹುಕ್ಕಾ ನಿಂತಿತು, ನೀರು ನಿಂತಿತು, ಮದುವೆಯ ಕರೆ ನಿಂತಿತು. ಸಾಕ್ಷಿ ಹೇಳಿ ಮನೆಗೆ ಹೋದ ದಿನ ಘೇವರ್ ಬಾಗಿಲಲ್ಲೇ ಕೂತಿದ್ದನಂತೆ. ಹೊಡೆಯುತ್ತಾನೋ, ಹೊರಗೆ ಹಾಕುತ್ತಾನೋ ಎಂದು ಇವಳು ನಿಂತೇ ಇದ್ದಳಂತೆ. ಅವನು, “ನಿನ್ನ ದನಿ ಕೋರ್ಟಿನ ಬೇವಿನ ಮರದ ತನಕ ಕೇಳಿಸ್ತಂತೆ,” ಅಂದ. ಆಮೇಲೆ ಎದ್ದು ಹೋಗಿ ಕೊಡ ತಂದ. ಗವರಿ ಸತ್ತ ಟಾಂಕಾದ ನೀರು ಮುಟ್ಟುವಂತಿಲ್ಲ, ಊರ ನೀರು ನಿಂತ ಮೇಲೆ ಎರಡು ಮೈಲಿ ದೂರದ ಕೊಳವೆಬಾವಿಯಿಂದ ನೀರು ಹೊರುವವನು ಅವನೇ. ನಮ್ಮಲ್ಲಿ ನೀರು ಹೊತ್ತ ಗಂಡಸನ್ನು ನಾನು ಅವನೊಬ್ಬನನ್ನೇ ಕಂಡದ್ದು.

ಕಳೆದ ಹೋಳಿಗೆ ಅವಳನ್ನು ನೋಡಲು ಹೋಗಿದ್ದೆ. ಧಾಪು ಮುಸುಕು ಬಿಟ್ಟಿದ್ದಾಳೆ ಎಂದುಕೊಂಡರೆ ತಪ್ಪು, ಈಗಲೂ ಹಾಕುತ್ತಾಳೆ. ನಾವು ಅಂಗಳದಲ್ಲಿ ಕೂತು ಅವಳು ಮಾಡಿದ ಥಾಣೇದಾರನ ಅಣಕಕ್ಕೆ ನಗುತ್ತಿದ್ದೆವು. ಆಗ ಬೇಲಿಯಾಚೆ ಯಾರೋ ಕೆಮ್ಮಿದರು. ಪೂಸಾರಾಮನ ದಾಯಾದಿಯೊಬ್ಬ, ಘೇವರನಿಗಿಂತ ಹಿರಿಯ. ನನ್ನ ಕೈ ತಾನಾಗಿ ನನ್ನ ಓಢಣಿಗೆ ಹೋಯಿತು, ಮೈ ಗೋಡೆಗೆ ತಿರುಗಿತು. ಅವಳೂ ಮುಸುಕೆಳೆದುಕೊಂಡಳು. ಆದರೆ ಅವಳು ಎದ್ದಳು, ಕೆಮ್ಮು ಬಂದ ಕಡೆಗೆ ಮುಖ ಮಾಡಿ ನಿಂತಳು, ಆ ಮನುಷ್ಯ ದಾಟಿ ಹೋಗುವ ತನಕ ಕದಲಲಿಲ್ಲ. ಪಕ್ಕದ ಅಂಗಳದಲ್ಲಿ ಪಾತ್ರೆ ಬೆಳಗುತ್ತಿದ್ದ ಹೊಸ ಸೊಸೆಯೂ ಹಾಗೇ ಎದ್ದು ನಿಂತಿದ್ದಳು, ಮುಸುಕಿನಲ್ಲಿ, ದಾರಿಗೆ ಎದುರಾಗಿ.

“ಅವಳಿಗೆ ಯಾರು ಕಲಿಸಿದ್ದು?” ಎಂದು ಕೇಳಿದೆ.

“ಇನ್ಯಾರು,” ಅಂದಳು ಧಾಪು. “ನೀನೂ ತಿರುಗು, ಜೀಜಿ.”